ಕಲಾಕ್ಷೇತ್ರದ ಹಿತ್ತಲಲ್ಲಿ ಬೆಳೆದ ರಂಗಭೂಮಿ

ಬೆಂಗಳೂರಿನಲ್ಲಿ ಕನ್ನಡ ನಾಟಕದ ತವರು ಯಾವುದೆಂದು ಕೇಳಿದರೆ ಹೆಚ್ಚಿನವರು ಥಟ್ಟನೆ ಹೇಳುವುದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹೆಸರನ್ನು. ರಾಜಾಜಿನಗರದಿಂದಲೋ ವಿಜಯನಗರದಿಂದಲೋ ಕೆಂಗೇರಿಯಿಂದಲೋ ಸಂಜೆ ಬಸ್ಸು ಹಿಡಿದು ಬಂದು, ಅದರ ಮೆಟ್ಟಿಲ ಮೇಲೆ ಮೂರನೇ ಗಂಟೆಗೆ ಕಾದು ಕುಳಿತವರಿಗೆ ಲೆಕ್ಕವಿಲ್ಲ. ಆದರೆ ಹಾಗೆ ಕುಳಿತವರಲ್ಲಿ ಎಷ್ಟು ಮಂದಿ ತಲೆಯೆತ್ತಿ ಆ ಹೆಸರನ್ನು ಕುರಿತು ಯೋಚಿಸಿದ್ದಾರೋ ತಿಳಿಯದು. ವರದಾಚಾರ್ಯರು, ಗುಬ್ಬಿ ವೀರಣ್ಣ, ಕೈಲಾಸಂ, ಸಂಸ, ಶ್ರೀರಂಗ ಇಷ್ಟೆಲ್ಲ ಜನರಿದ್ದ ನಾಡಿನ ರಾಜಧಾನಿಯ ಮುಖ್ಯ ರಂಗಮಂದಿರಕ್ಕೆ ಬಂಗಾಳದ ಕವಿಯೊಬ್ಬರ ಹೆಸರು ಬಂದದ್ದು ಹೇಗೆ?

ಇದಕ್ಕೆ ಉತ್ತರ 1961ರಲ್ಲಿದೆ. ಅದು ರವೀಂದ್ರನಾಥ ಠಾಕೂರರು ಹುಟ್ಟಿ ನೂರು ತುಂಬಿದ ವರ್ಷ. ಸ್ವಾತಂತ್ರ್ಯ ಬಂದು ಹದಿನಾಲ್ಕು ವರ್ಷವಾಗಿತ್ತು. ರಾಷ್ಟ್ರಗೀತೆಯ ಕವಿಯ ಶತಮಾನೋತ್ಸವವನ್ನು ಬರೀ ಭಾಷಣ, ಮಾಲಾರ್ಪಣೆಗಳಲ್ಲಿ ಮುಗಿಸದೆ, ರಾಜ್ಯ ರಾಜ್ಯಗಳಲ್ಲಿ ಅವರ ಹೆಸರಿನ ರಂಗಮಂದಿರಗಳನ್ನು ಕಟ್ಟಬೇಕೆಂಬ ಆಲೋಚನೆ ಮೂಡಿತು. ಹೈದರಾಬಾದಿನ ರವೀಂದ್ರ ಭಾರತಿ, ಕೋಲ್ಕತ್ತದ ರವೀಂದ್ರ ಸದನ, ಮುಂಬಯಿಯ ರವೀಂದ್ರ ನಾಟ್ಯಮಂದಿರ, ಜೈಪುರದ ರವೀಂದ್ರ ಮಂಚ್, ಲಖನೌದ ರವೀಂದ್ರಾಲಯ, ಚಂಡೀಗಢ ಮತ್ತು ತಿರುವನಂತಪುರಗಳ ಟ್ಯಾಗೋರ್ ಥಿಯೇಟರ್‌ಗಳು ಎಲ್ಲವೂ ಆ ಒಂದೇ ಸಂಭ್ರಮದ ಮಕ್ಕಳು. ಮೂರು ರಾಷ್ಟ್ರೀಯ ಅಕಾಡೆಮಿಗಳಿರುವ ದೆಹಲಿಯ ರವೀಂದ್ರ ಭವನವೂ ಇದೇ ಬಳಗಕ್ಕೆ ಸೇರಿದ್ದು. ನಮ್ಮ ಕಲಾಕ್ಷೇತ್ರ ಈ ದೊಡ್ಡ ಕುಟುಂಬದ ಬೆಂಗಳೂರಿನ ಕುಡಿ.

ಅದರ ನಿರ್ಮಾಣ ನಡೆದದ್ದು 1960ರಿಂದ 1963ರ ನಡುವೆ. ಆಗ ರಾಜ್ಯಕ್ಕಿನ್ನೂ ಮೈಸೂರು ಎಂದೇ ಹೆಸರು. ಏಕೀಕರಣವಾಗಿ ನಾಲ್ಕೇ ವರ್ಷವಾಗಿತ್ತು. ಧಾರವಾಡ, ಕಲಬುರ್ಗಿ, ಮಂಗಳೂರುಗಳಿಂದ ಬಂದ ನೌಕರರು, ಬರಹಗಾರರು, ಕಲಾವಿದರು ರಾಜಧಾನಿಯಲ್ಲಿ ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳುತ್ತಿದ್ದ ಕಾಲ. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಯಾಗಿದ್ದಾಗ ಶುರುವಾದ ಕೆಲಸ ಎಸ್. ನಿಜಲಿಂಗಪ್ಪನವರ ಕಾಲಕ್ಕೆ ಮುಗಿಯಿತು. ಪಕ್ಕದಲ್ಲೇ 1935ರಿಂದ ಪುಟ್ಟಣ್ಣಚೆಟ್ಟಿ ಪುರಭವನವಿತ್ತು ನಿಜ. ಆದರೆ ಅದು ಊರಿನ ಸಭೆಗಳಿಗಾಗಿ ಕಟ್ಟಿದ ಮನೆ. ಬೆಳಕು, ಪರದೆ, ಬಣ್ಣದ ಕೋಣೆ, ವಿಶಾಲವಾದ ವೇದಿಕೆ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ಕಲೆಗಾಗಿಯೇ ಸರ್ಕಾರ ಕಟ್ಟಿಸಿದ ಮಂದಿರವೆಂದರೆ ಕಲಾಕ್ಷೇತ್ರ.

ಕವಿ ಮತ್ತು ಬೆಂಗಳೂರು

ಹೆಸರು ದೆಹಲಿಯಿಂದ ಬೀಸಿದ ಗಾಳಿಯಲ್ಲಿ ಬಂತಾದರೂ ಠಾಕೂರರು ಈ ಊರಿಗೆ ಪರಕೀಯರೇನಾಗಿರಲಿಲ್ಲ. 1919ರ ಜನವರಿಯಲ್ಲಿ ಅವರು ಬೆಂಗಳೂರಿಗೆ ಬಂದರು. ಅವರನ್ನು ಕರೆಸಿಕೊಂಡದ್ದು ಯಾವುದೋ ರಾಜಕೀಯ ಸಂಸ್ಥೆಯಲ್ಲ, ನಾಟಕದ ಹವ್ಯಾಸಿಗಳ ಒಂದು ಸಂಘ. 1909ರಲ್ಲಿ ಆರಂಭವಾದ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ ಏರ್ಪಡಿಸಿದ್ದ ಕಲೋತ್ಸವಕ್ಕೆ ಅವರು ಅತಿಥಿ. ತಪೋವನ ಸಂಸ್ಕೃತಿಯನ್ನು ಕುರಿತ ತಮ್ಮ ಪ್ರಸಿದ್ಧ ಇಂಗ್ಲಿಷ್ ಉಪನ್ಯಾಸವನ್ನು ಅವರು ಓದಿದ್ದು ಆ ಭೇಟಿಯಲ್ಲೇ. ಕೈಲಾಸಂ ‘ಟೊಳ್ಳುಗಟ್ಟಿ’ಯ ಮೂಲಕ ಕನ್ನಡ ನಾಟಕಕ್ಕೆ ಮನೆಮಾತಿನ ರುಚಿ ಹತ್ತಿಸಿದ್ದು 1918ರಲ್ಲಿ ಎಂಬುದನ್ನು ನೆನೆದರೆ, ಕವಿ ಬಂದ ಹೊತ್ತು ಎಂತಹುದೆಂದು ತಿಳಿದೀತು. ಅದೇ ಸಂಘದ ಹೆಸರನ್ನು ಹೊತ್ತ ಎ.ಡಿ.ಎ. ರಂಗಮಂದಿರ ಕಲಾಕ್ಷೇತ್ರದ ಆಸುಪಾಸಿನಲ್ಲೇ, ಅದೇ ಜೆ.ಸಿ. ರಸ್ತೆಯಲ್ಲಿರುವುದು ಕಾಕತಾಳೀಯವೇ ಇರಬಹುದು.

ಮತ್ತೊಮ್ಮೆ 1928ರಲ್ಲಿ ಅವರು ಇಲ್ಲಿ ತಂಗಿದರು. ಆಗ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಅವರ ಸ್ನೇಹಿತರಾದ ಬ್ರಜೇಂದ್ರನಾಥ ಸೀಲರು. ಅರಮನೆ ರಸ್ತೆಯ ಬಾಲಬ್ರೂಯಿಯಲ್ಲಿದ್ದು ಠಾಕೂರರು ‘ಶೇಷೇರ್ ಕೊಬಿತಾ’ ಕಾದಂಬರಿಯನ್ನು ಆ ಜೂನ್ ತಿಂಗಳಲ್ಲಿ ಬರೆದು ಮುಗಿಸಿದರು. ಬಂಗಾಳಿಗಳು ಇಂದಿಗೂ ಎದೆಗವಚಿಕೊಳ್ಳುವ ಆ ಪ್ರೇಮಕಥೆಯ ಕೊನೆಯ ಪುಟಗಳಿಗೆ ನಮ್ಮೂರಿನ ಮುಂಗಾರಿನ ತಂಪು ತಗುಲಿದೆ.

ಆದರೆ ಕಲಾಕ್ಷೇತ್ರದ ಕಥೆಗೆ ಈ ಭೇಟಿಗಳಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಠಾಕೂರರು 1902ರಲ್ಲಿ ‘ರಂಗಮಂಚ’ ಎಂಬ ಪ್ರಬಂಧ ಬರೆದಿದ್ದರು. ಪಶ್ಚಿಮದಿಂದ ಕಲಿತ ದೃಶ್ಯವೈಭವದ ನಾಟಕಶಾಲೆ ನಮಗೇಕೆ ಎಂಬುದು ಅದರ ವಾದ. ದುಷ್ಯಂತ ಮರದ ಮರೆಯಲ್ಲಿ ನಿಂತು ಶಕುಂತಲೆಯ ಮಾತು ಕೇಳುತ್ತಿದ್ದಾನೆಂದರೆ ಸಾಕು, ಪ್ರೇಕ್ಷಕ ತಾನೇ ಮರವನ್ನು ಕಂಡುಕೊಳ್ಳುತ್ತಾನೆ. ರಂಗದ ಮೇಲೆ ಬಣ್ಣ ಬಳಿದ ಮರ ತಂದು ನಿಲ್ಲಿಸುವುದು ಅವನ ಕಲ್ಪನೆಯನ್ನು ನಂಬದವರ ಕೆಲಸ ಎಂಬ ಅರ್ಥದಲ್ಲಿ ಅವರು ಬರೆದರು. ಅವರಿಗೆ ಮೆಚ್ಚುಗೆಯಾದದ್ದು ಬಂಗಾಳದ ಹಳ್ಳಿಗಳ ಜಾತ್ರಾ. ನಮ್ಮ ಬಯಲಾಟದ ಹಾಗೆ ಅಲ್ಲಿ ನಟನಿಗೂ ನೋಡುವವನಿಗೂ ನಡುವೆ ಗೋಡೆಯಿಲ್ಲ, ಪರದೆಯಿಲ್ಲ.

ಇಂಥ ಅಭಿಪ್ರಾಯವಿದ್ದ ಕವಿಯ ನೆನಪಿಗೆ ನಾವು ಕಟ್ಟಿದ್ದೇನು? ಚಿತ್ರಪಟದ ಚೌಕಟ್ಟಿನಂತೆ ಮುಂದೆ ಕಮಾನು, ಎರಡು ಪಕ್ಕಗಳಲ್ಲಿ ವಿಂಗ್, ಮೇಲೆ ಕೆಳಗೆ ಆಡುವ ಪರದೆ, ಎದುರಿಗೆ ಸಾಲು ಸಾಲು ಕುರ್ಚಿ, ಮೇಲೆ ಬಾಲ್ಕನಿ. ಪಶ್ಚಿಮದ ಮಾದರಿಯ ಭರ್ಜರಿ ಪ್ರೊಸೀನಿಯಂ ರಂಗಮಂದಿರ. ದೇಶದ ಬೇರೆ ನಗರಗಳಲ್ಲೂ ಆತನ ಹೆಸರಿನಲ್ಲಿ ಎದ್ದು ನಿಂತವುಗಳಲ್ಲಿ ಬಹಳಷ್ಟು ಇದೇ ಬಗೆಯವು. ಇದನ್ನು ಯಾರ ತಪ್ಪೆಂದೂ ಹೇಳುವಂತಿಲ್ಲ. ಆ ಕಾಲಕ್ಕೆ ಆಧುನಿಕ ರಂಗಮಂದಿರವೆಂದರೆ ಎಂಜಿನಿಯರುಗಳ ಕಣ್ಣಿಗೆ ಬೀಳುತ್ತಿದ್ದ ನಕ್ಷೆ ಅದೇ. ಗುರುದೇವರ ಮಾತು ಕಟ್ಟಡದ ಒಳಗೆ ಬರಲಿಲ್ಲ. ಅದು ಕಟ್ಟಡದ ಹಿಂದೆ, ಒಂಬತ್ತು ವರ್ಷಗಳ ನಂತರ, ಬೇರೆಯೇ ಬಾಗಿಲಿನಿಂದ ಬಂತು.

1972

ಆ ವರ್ಷ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಒಂದು ನಾಟಕೋತ್ಸವ ನಡೆಯಿತು. ಮೂರು ನಾಟಕಗಳು. ಪಿ. ಲಂಕೇಶರು ಸೊಫೊಕ್ಲೀಸನಿಂದ ಕನ್ನಡಕ್ಕೆ ತಂದ ‘ಈಡಿಪಸ್’, ಅವರದೇ ಸ್ವಂತ ನಾಟಕ ‘ಸಂಕ್ರಾಂತಿ’ ಮತ್ತು ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’. ಮೂರನ್ನೂ ನಿರ್ದೇಶಿಸಿದವರು ಬಿ.ವಿ. ಕಾರಂತರು.

ಕಾರಂತರ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಬಂಟ್ವಾಳ ತಾಲ್ಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಅವರು ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. ವೀರಣ್ಣನವರ ಕಂಪನಿಯೆಂದರೆ ಬಣ್ಣದ ಪರದೆಗಳ, ಝಗಝಗಿಸುವ ಪೋಷಾಕುಗಳ ಲೋಕ; 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ ಅದು. ಮುಂದೆ ಕಾರಂತರು ಕಾಶಿಯಲ್ಲಿ ಹಿಂದಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಇಬ್ರಾಹಿಂ ಅಲ್ಕಾಜಿಯವರ ಕೈಕೆಳಗೆ ಆಧುನಿಕ ರಂಗಶಿಸ್ತನ್ನು ಕಲಿತರು. ಕಂಪನಿಯ ಹಾಡು ಒಂದು ಕಿವಿಯಲ್ಲಿ, ದೆಹಲಿಯ ಪಾಠ ಇನ್ನೊಂದರಲ್ಲಿ ಇಟ್ಟುಕೊಂಡು ಬೆಂಗಳೂರಿಗೆ ಬಂದ ಮನುಷ್ಯ ಅವರು.

ಆನೆ ಕುದುರೆ ತರುವ ಶಕ್ತಿ ಈ ಹವ್ಯಾಸಿಗಳಿಗೆ ಇರಲಿಲ್ಲ, ತರುವ ಆಸೆಯೂ ಇರಲಿಲ್ಲ. ಬಯಲು, ಕತ್ತಲೆ, ಒಂದಷ್ಟು ದೀಪ, ಹಿಮ್ಮೇಳ, ಬಟ್ಟೆ. ಉಳಿದದ್ದೆಲ್ಲ ನಟರ ಮೈ ಮತ್ತು ಕಂಠ. ‘ಈಡಿಪಸ್’ಗೆ ಬಯಲು ಹೊಸದೇನಲ್ಲ, ಗ್ರೀಕರು ಅದನ್ನು ಮೊದಲು ಆಡಿದ್ದೇ ಗುಡ್ಡದ ಇಳಿಜಾರಿನ ತೆರೆದ ರಂಗದಲ್ಲಿ. ‘ಸಂಕ್ರಾಂತಿ’ಯದು ಹನ್ನೆರಡನೆಯ ಶತಮಾನದ ಕಲ್ಯಾಣ, ಬಿಜ್ಜಳನ ರಾಜ್ಯ, ಬಸವಣ್ಣನ ಚಳವಳಿ, ಅದರ ನಡುವೆ ಜಾತಿಯ ಗೆರೆ ದಾಟಿದ ಒಂದು ಪ್ರೇಮ. ಶರಣರ ಕಥೆಯೆಂದರೆ ಭಕ್ತಿಯ ಚಿತ್ರಪಟವೆಂದೇ ತಿಳಿದಿದ್ದವರಿಗೆ ಅದು ಬೆಚ್ಚಿಬೀಳುವ ಅನುಭವವಾಗಿರಬೇಕು.

ಮೂರರಲ್ಲಿ ದೂರ ಹೋದದ್ದು ಮಾತ್ರ ‘ಜೋಕುಮಾರಸ್ವಾಮಿ’. ಉತ್ತರ ಕರ್ನಾಟಕದಲ್ಲಿ ಗಣೇಶನ ಹಬ್ಬದ ಹಿಂದೆಯೇ ಭಾದ್ರಪದದಲ್ಲಿ ಬರುವ ದೇವರು ಜೋಕುಮಾರ. ಮಣ್ಣಿನ ಮೂರ್ತಿಯನ್ನು ಬುಟ್ಟಿಯಲ್ಲಿಟ್ಟು, ಬೇವಿನ ಸೊಪ್ಪು ಸುತ್ತಿ, ಹೆಂಗಸರು ತಲೆಯ ಮೇಲೆ ಹೊತ್ತು ಮನೆಮನೆಗೆ ಹಾಡುತ್ತ ಹೋಗುತ್ತಾರೆ. ಮಳೆ, ಬೆಳೆ, ಮಕ್ಕಳು ಇವುಗಳನ್ನು ಕೊಡುವ ದೇವರು ಆತ. ಈ ಆಚರಣೆಯನ್ನು ಹಿಡಿದು ಕಂಬಾರರು ಊರ ಗೌಡ, ಅವನ ಬಂಜೆಯೆನಿಸಿಕೊಂಡ ಹೆಂಡತಿ, ಹೊಲ ಉಳುವ ಬಸಣ್ಣ ಈ ಮೂವರ ಕಥೆ ಕಟ್ಟಿದರು. ಹೊಲ ಯಾರದು, ಹಕ್ಕುಪತ್ರ ಇರುವವನದೋ ಉಳುವವನದೋ? ನಗಿಸುತ್ತಲೇ, ಹಾಡಿಸುತ್ತಲೇ ನಾಟಕ ಕೇಳಿದ ಪ್ರಶ್ನೆ ಇದು. ಎರಡು ವರ್ಷ ಕಳೆದು, 1974ರಲ್ಲಿ ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದಾಗ ಅದೇ ಪ್ರಶ್ನೆ ತಾಲ್ಲೂಕು ಕಚೇರಿಗಳ ಮುಂದೆ ಸಾಲು ನಿಂತಿತು. ನಾಟಕದಿಂದ ಕಾನೂನು ಬಂತೆಂದು ಯಾರೂ ಹೇಳಲಾರರು. ಒಂದೇ ಗಾಳಿ ಎರಡೂ ಕಡೆ ಬೀಸುತ್ತಿತ್ತು ಎನ್ನಬಹುದಷ್ಟೆ.

ಈ ಮೂರು ನಾಟಕಗಳನ್ನು ಕಲಾಕ್ಷೇತ್ರದ ಒಳಗೇ ಆಡಬಹುದಿತ್ತಲ್ಲ ಎಂದು ಇಂದಿನ ಓದುಗರಿಗೆ ಅನ್ನಿಸಬಹುದು. ಆಡಬಹುದಿತ್ತು. ಆದರೆ ಬಯಲಾಟದ ಮೇಳವನ್ನು ಕಮಾನಿನ ಚೌಕಟ್ಟಿನೊಳಗೆ ಕೂರಿಸಿದರೆ ಅದು ನೋಡುವ ವಸ್ತುವಾಗಿಬಿಡುತ್ತದೆ; ಬಯಲಿನಲ್ಲಿ ಆಡಿದರೆ ನೋಡುವವರೂ ಊರಿನವರೇ ಆಗುತ್ತಾರೆ. ಕುರ್ಚಿಯ ದರ್ಜೆ ಇಲ್ಲ, ಮುಂದಿನ ಸಾಲಿನ ಗಣ್ಯರಿಲ್ಲ. ಠಾಕೂರರು ಜಾತ್ರಾದಲ್ಲಿ ಮೆಚ್ಚಿದ್ದು ಇದನ್ನೇ ಅಲ್ಲವೇ? ಕಾರಂತರು ಆ ಪ್ರಬಂಧವನ್ನು ನೆನೆದು ಹೀಗೆ ಮಾಡಿದರೆಂದು ಹೇಳಲು ಬಾರದು. ಮುಂದೆ ಮಕ್ಕಳಿಗಾಗಿ ಅವರು ಕಟ್ಟಿದ ‘ಪಂಜರಶಾಲೆ’ಗೆ ಮೂಲ ಮಾತ್ರ ಠಾಕೂರರ ಗಿಳಿಯ ಕಥೆಯೇ.

ಇನ್ನೊಂದು ಸಂಗತಿ. ಗುಬ್ಬಿ ವೀರಣ್ಣನವರು ತೀರಿಕೊಂಡದ್ದೂ 1972ರಲ್ಲೇ, ಅಕ್ಟೋಬರ್‌ನಲ್ಲಿ. ಕಂಪನಿ ಯುಗದ ಹಿರಿಯ ಕಣ್ಮುಚ್ಚಿದ ವರ್ಷವೇ ಅವರ ಕಂಪನಿಯ ಹುಡುಗನೊಬ್ಬ ಪರದೆಗಳನ್ನೆಲ್ಲ ಬಿಚ್ಚಿಟ್ಟು ಬಯಲಿಗೆ ಬಂದಿದ್ದ.

ಮೆಟ್ಟಿಲುಗಳ ಕಾಲ

ಅಲ್ಲಿಂದ ಮುಂದಿನ ಹತ್ತು ಹದಿನೈದು ವರ್ಷ ಕಲಾಕ್ಷೇತ್ರದ ಸುಗ್ಗಿ. ಸಿ.ಆರ್. ಸಿಂಹ ಮತ್ತು ಗೆಳೆಯರ ನಟರಂಗ, ಗಿರೀಶ ಕಾರ್ನಾಡರ ‘ತುಘಲಕ್’ ಮತ್ತು ಮಾಸ್ತಿಯವರ ‘ಕಾಕನಕೋಟೆ’ಗಳಿಂದ ಹೆಸರು ಮಾಡಿತು. 1974ರಲ್ಲಿ ಕಾರಂತರ ಬೆನಕ ಹುಟ್ಟಿತು. ‘ಬೆಂಗಳೂರು ನಗರ ಕಲಾವಿದರು’ ಎಂಬುದರ ಮೊದಲಕ್ಷರಗಳು ಸೇರಿ ವಿನಾಯಕನ ಹೆಸರಾದದ್ದು ಒಂದು ಚಮತ್ಕಾರ. ‘ಹಯವದನ’, ‘ಸತ್ತವರ ನೆರಳು’ ನಾಟಕಗಳ ಹಾಡುಗಳನ್ನು ಗುನುಗುತ್ತ ಜನ ಮನೆಗೆ ಹೋದರು. 1975ರಲ್ಲಿ ಸಮುದಾಯ ಬಂತು, ನಾಟಕವನ್ನು ಬೀದಿಗೂ ಹಳ್ಳಿಗೂ ಒಯ್ದಿತು. 1980ರಲ್ಲಿ ಕಲಾಗಂಗೋತ್ರಿ ತಂಡ ‘ಮುಖ್ಯಮಂತ್ರಿ’ ಆಡಿತು. ಲೋಹಿತಾಶ್ವ ಅನುವಾದಿಸಿದ್ದ ಆ ನಾಟಕದಲ್ಲಿ, ಅವರೇ ಮಾಡಬೇಕಿದ್ದ ಪಾತ್ರ ಅವರ ಅನಾರೋಗ್ಯದಿಂದಾಗಿ ಚಂದ್ರು ಎಂಬ ನಟನ ಪಾಲಿಗೆ ಬಂತು. ಪದವಿ ಆತನ ಹೆಸರಿಗೆ ಅಂಟಿಕೊಂಡಿತು. ರಾಜ್ಯದ ನಿಜವಾದ ಮುಖ್ಯಮಂತ್ರಿಗಳು ಬಂದು ಹೋದರು, ಮುಖ್ಯಮಂತ್ರಿ ಚಂದ್ರು ಹಾಗೆಯೇ ಉಳಿದರು!

ಈ ನಟರು ಯಾರು? ಬಹುಪಾಲು ಬ್ಯಾಂಕು, ಕಚೇರಿ, ಕಾರ್ಖಾನೆಗಳಲ್ಲಿ ಹಗಲು ದುಡಿಯುವವರು. ಸಂಜೆ ತಾಲೀಮು, ರಾತ್ರಿ ಕೊನೆ ಬಸ್ಸು. ಆ ದಿನಗಳಲ್ಲಿ ನಾಟಕ ಒಂಬತ್ತೂವರೆ ದಾಟಿತೆಂದರೆ ರಾಜಾಜಿನಗರದ ಪ್ರೇಕ್ಷಕ ಗಡಿಯಾರ ನೋಡಿಕೊಳ್ಳುತ್ತಿದ್ದ; ಕೆಂಗೇರಿಯವನು ಎದ್ದೇ ಹೋಗುತ್ತಿದ್ದ. ಕಲಾಕ್ಷೇತ್ರದ ಮುಂದಿನ ಮೆಟ್ಟಿಲುಗಳು ಪ್ರಸಿದ್ಧವಾದದ್ದು ಈ ಜನರಿಂದ. ಅಲ್ಲಿ ಕುಳಿತು ಹೊಸ ನಾಟಕ ಓದಿದರು, ಹಳೆಯ ನಾಟಕವನ್ನು ಹರಿದುಹಾಕಿದರು, ಜಗಳವಾಡಿದರು, ಕಾಫಿ ಹಂಚಿಕೊಂಡರು. ತಂಡಗಳು ಒಡೆದದ್ದೂ ಅಲ್ಲೇ, ಕೂಡಿದ್ದೂ ಅಲ್ಲೇ. ಕಾರಂತರು 1975ರಲ್ಲಿ ‘ಚೋಮನ ದುಡಿ’ ಚಿತ್ರ ಮಾಡಿ ರಾಷ್ಟ್ರದ ಸ್ವರ್ಣಕಮಲ ತಂದಾಗ, ಕನ್ನಡದ ಹೊಸ ಸಿನಿಮಾಕ್ಕೂ ಹೊಸ ರಂಗಭೂಮಿಗೂ ಇದ್ದ ನೆಂಟಸ್ತಿಕೆ ಎಲ್ಲರಿಗೂ ಕಂಡಿತು.

ಹಿಂದಿನ ಬಯಲಿಗೆ ಈಗ ಸಂಸ ಬಯಲು ರಂಗಮಂದಿರವೆಂದು ಹೆಸರು. ಎ.ಎನ್. ಸ್ವಾಮಿ ವೆಂಕಟಾದ್ರಿ ಅಯ್ಯರ್ ಎಂಬ ಹೆಸರಿನ ಸಂಸ, ಮೈಸೂರು ಅರಸರ ಇತಿಹಾಸವನ್ನು ಹಿಡಿದು ‘ವಿಗಡ ವಿಕ್ರಮರಾಯ’ದಂಥ ನಾಟಕಗಳನ್ನು ಬರೆದು, ಬದುಕಿದ್ದಾಗ ನೆಲೆ ಕಾಣದೆ ಅಲೆದು, 1939ರಲ್ಲಿ ತಮ್ಮ ಕೈಯಾರೆ ಬದುಕು ಮುಗಿಸಿಕೊಂಡವರು. ಬರೆದದ್ದರಲ್ಲಿ ಬಹುಪಾಲು ಕಳೆದುಹೋಗಿದೆ. ಮುಂದಿನ ಭವ್ಯ ಮಂದಿರ ವಿಶ್ವಕವಿಯ ಹೆಸರಿನಲ್ಲಿ, ಹಿಂದಿನ ಬಯಲು ಮನೆಯಿಲ್ಲದವನ ಹೆಸರಿನಲ್ಲಿ. ಬೇಕೆಂದೇ ಹೀಗೆ ಹಂಚಿದ್ದರೂ ಇಷ್ಟು ಸರಿಯಾಗಿ ಹೊಂದುತ್ತಿರಲಿಲ್ಲ.

ಇಂದು ಹೋದರೆ

ಇಂದು ಪಶ್ಚಿಮ ಬೆಂಗಳೂರಿನಿಂದ ಕಲಾಕ್ಷೇತ್ರಕ್ಕೆ ಹೋಗುವುದು ಮೊದಲಿನಷ್ಟು ಕಷ್ಟವಿಲ್ಲ. ರಾಜಾಜಿನಗರದವರು ಹಸಿರು ಮಾರ್ಗದ ಮೆಟ್ರೊ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿಯಬಹುದು. 2021ರಿಂದ ಕೆಂಗೇರಿಗೂ ನೇರಳೆ ಮಾರ್ಗವಿದೆ. ಕೆಂಗೇರಿ, ವಿಜಯನಗರಗಳವರು ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿದರಾಯಿತು. ಮಾರುಕಟ್ಟೆಯಿಂದ ಪುರಭವನದ ಕಡೆಗೆ ನಡೆಯುವ ದಾರಿ ಹೂವಿನ ವಾಸನೆಯಿಂದ ಶುರುವಾಗಿ ಮೋಟಾರು ಬಿಡಿಭಾಗಗಳ ಗ್ರೀಸಿನ ವಾಸನೆಯಲ್ಲಿ ಮುಗಿಯುತ್ತದೆ. ಜೆ.ಸಿ. ರಸ್ತೆಯ ಇನ್ನೊಂದು ತುದಿಯ ಮಿನರ್ವ ಚಿತ್ರಮಂದಿರ ಎಂದೋ ಹೋಯಿತು, ಹೆಸರು ವೃತ್ತಕ್ಕೆ ಮಾತ್ರ ಉಳಿದಿದೆ. ಅದನ್ನು ನೆನೆದಾಗ ಕಲಾಕ್ಷೇತ್ರ ಇನ್ನೂ ನಿಂತಿರುವುದೇ ದೊಡ್ಡದೆನಿಸುತ್ತದೆ.

ಆವರಣದಲ್ಲಿ ಕನ್ನಡ ಭವನವಿದೆ, ಅದರೊಳಗೆ ನಯನ ಸಭಾಂಗಣವಿದೆ. ನಾಲ್ಕು ಪಾತ್ರಗಳ, ಮೆಲುಮಾತಿನ ನಾಟಕಗಳು ನಯನದಲ್ಲೇ ಚೆನ್ನ. ಕಲಾಕ್ಷೇತ್ರದ ಬಾಲ್ಕನಿಯಿಂದ ನಟನ ಹುಬ್ಬಿನ ಚಲನೆ ಕಾಣುವುದಿಲ್ಲ. ಅಲ್ಲಿ ಹತ್ತಾರು ಜನ ಹಾಡಿ ಕುಣಿಯುವ ನಾಟಕವೇ ಆಗಬೇಕು. ಮೊದಲ ಸಲ ಹೋಗುವವರು ಕೆಳಗೆ ಮಧ್ಯದ ಸಾಲುಗಳಲ್ಲಿ ಜಾಗ ಹಿಡಿಯುವುದು ಒಳ್ಳೆಯದು. ಯಾವ ದಿನ ಏನಿದೆ ಎಂಬುದನ್ನು ಪತ್ರಿಕೆಯ ‘ನಗರದಲ್ಲಿ ಇಂದು’ ಅಂಕಣದಲ್ಲಿ ನೋಡಿಕೊಂಡೇ ಹೊರಡಬೇಕು. ಏಕೆಂದರೆ ಕಲಾಕ್ಷೇತ್ರದಲ್ಲಿ ಪ್ರತಿದಿನವೂ ನಾಟಕವಿರುವುದಿಲ್ಲ. ಜಯಂತಿಗಳು, ಪ್ರಶಸ್ತಿ ಪ್ರದಾನಗಳು, ಸಮ್ಮೇಳನಗಳು, ಪುಸ್ತಕ ಬಿಡುಗಡೆಗಳು ಎಲ್ಲಕ್ಕೂ ಅದು ಬೇಕು. ಸರ್ಕಾರದ ಕಟ್ಟಡಕ್ಕೆ ಸರ್ಕಾರದ ಸಮಾರಂಭ ಬರುವುದು ಸಹಜ. ಆದರೆ ಶನಿವಾರ ಭಾನುವಾರಗಳು ಶಾಲು ಹಾರಗಳಿಗೆ ಹೋದರೆ, ವಾರವಿಡೀ ದುಡಿದು ಎರಡು ದಿನ ನಾಟಕ ಆಡುವ ತಂಡ ಎಲ್ಲಿಗೆ ಹೋಗಬೇಕು?

ಕೆಲವರು ದಕ್ಷಿಣಕ್ಕೆ ಹೋದರು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಜೆ.ಪಿ. ನಗರದಲ್ಲಿ ಕಟ್ಟಿದ ರಂಗಶಂಕರ 2004ರಲ್ಲಿ ತೆರೆದ ಮೇಲೆ ನಾಟಕದ ಹೊಸ ಪ್ರೇಕ್ಷಕರು ಅತ್ತ ತಿರುಗಿದರು. ಮೂರು ಕಡೆ ಪ್ರೇಕ್ಷಕರು ಸುತ್ತುವರಿದ, ಕಮಾನಿಲ್ಲದ ರಂಗ ಅದು. ಪಶ್ಚಿಮದವರಿಗೆ ಬಸವೇಶ್ವರನಗರದಲ್ಲಿ ಕೆ.ಇ.ಎ. ಪ್ರಭಾತ್ ರಂಗಮಂದಿರವಿದೆ. ಕಲಾಕ್ಷೇತ್ರದ ದುರಸ್ತಿಯ ಮಾತು ಬಂದಾಗಲೆಲ್ಲ ಆಸನ, ಬೆಳಕು, ಧ್ವನಿವರ್ಧಕ, ಹವಾನಿಯಂತ್ರಣಗಳ ಪಟ್ಟಿ ಬರುತ್ತದೆ. ಬೇಕಾದವೇ. ಆದರೆ ಈ ಆವರಣದಿಂದ ಕನ್ನಡಕ್ಕೆ ಸಂದ ದೊಡ್ಡ ಸಂಪತ್ತು ಯಾವ ಆಸನವೂ ಇಲ್ಲದ ಜಾಗದಲ್ಲಿ ಹುಟ್ಟಿದ್ದು. ಹಿಂದಿನ ಬಯಲಿನ ಮೇಲೆ ವಾಹನ ನಿಲುಗಡೆಯದೋ ಹೊಸ ಕಟ್ಟಡದ್ದೋ ಕಣ್ಣು ಬೀಳದಂತೆ ನೋಡಿಕೊಳ್ಳುವುದು ಆ ಪಟ್ಟಿಯ ಮೊದಲ ಸಾಲಾಗಬೇಕು.

ಬಯಲಿನ ಆ ಪದ್ಧತಿ ಈಗ ನಮ್ಮ ಪಶ್ಚಿಮಕ್ಕೇ ಬಂದು ನೆಲೆಸಿರುವುದನ್ನು ಹೇಳದಿದ್ದರೆ ಈ ಕಥೆ ಪೂರ್ತಿಯಾಗದು. ನಾಗರಬಾವಿಯಾಚೆ ಮಲ್ಲತ್ತಹಳ್ಳಿಯಲ್ಲಿ, ಜ್ಞಾನಭಾರತಿಯ ಮಗ್ಗುಲಲ್ಲಿ ಕಲಾಗ್ರಾಮವಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರ ಕಾದಂಬರಿ. ಕೆ.ವೈ. ನಾರಾಯಣಸ್ವಾಮಿ ಅದನ್ನು ರಂಗರೂಪಕ್ಕೆ ತಂದು, ಸಿ. ಬಸವಲಿಂಗಯ್ಯ ನಿರ್ದೇಶಿಸಿ, ಹಂಸಲೇಖ ಸಂಗೀತದೊಂದಿಗೆ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಮೊದಲು ಆಡಲಾಯಿತು. ಆ ರಂಗಾಯಣವನ್ನು 1989ರಲ್ಲಿ ಕಟ್ಟಿ ಬೆಳೆಸಿದವರು ಇದೇ ಕಾರಂತರು. 2013ರಲ್ಲಿ ನಾಟಕ ಕಲಾಗ್ರಾಮಕ್ಕೆ ಬಂತು. ರಾತ್ರಿಯಿಡೀ ಸುಮಾರು ಒಂಬತ್ತು ಗಂಟೆ. ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಪ್ರೇಕ್ಷಕರೇ ಎದ್ದು ನಡೆಯಬೇಕು, ಚಾಪೆ ಕಂಬಳಿ ಬಗಲಲ್ಲಿ. ನಡುವೆ ಊಟ, ಚಹಾ. ಮಾಲ್‌ಗಳ ಊರು ಎನಿಸಿಕೊಂಡ ಬೆಂಗಳೂರಿನಲ್ಲಿ ಇದಕ್ಕೆ ಯಾರು ಬರುತ್ತಾರೆ ಎಂದವರಿದ್ದರು. ಬಂದರು, ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಆಡಿದಾಗಲೂ ಬಂದರು.

ಕಲಾಕ್ಷೇತ್ರದಿಂದ ಕಲಾಗ್ರಾಮಕ್ಕೆ ಇನ್ನೊಂದು ದಾರಿಯೂ ಇದೆ. ನಾಡಿನ ಬರಹಗಾರರು, ಕಲಾವಿದರು ತೀರಿಕೊಂಡಾಗ ಜನರ ಅಂತಿಮ ದರ್ಶನಕ್ಕೆ ಕಲಾಕ್ಷೇತ್ರದ ಆವರಣಕ್ಕೆ ತರುವುದು ರೂಢಿಯಾಗಿದೆ. 2013ರ ಡಿಸೆಂಬರ್‌ನಲ್ಲಿ ಜಿ.ಎಸ್. ಶಿವರುದ್ರಪ್ಪನವರ ಅಂತ್ಯಕ್ರಿಯೆ ಕಲಾಗ್ರಾಮದಲ್ಲಿ ನಡೆಯಿತು. 2014ರ ಆಗಸ್ಟ್‌ನಲ್ಲಿ ಯು.ಆರ್. ಅನಂತಮೂರ್ತಿಯವರನ್ನು ಜನ ಕಲಾಕ್ಷೇತ್ರದಲ್ಲಿ ಕಂಡು, ಅಲ್ಲಿಂದ ಮಲ್ಲತ್ತಹಳ್ಳಿಗೆ ಬೀಳ್ಕೊಟ್ಟರು. ಮರಗಳ ನಡುವಿನ ಆ ಜಾಗವನ್ನು ನೋಡಬಯಸುವವರು ನೇರಳೆ ಮಾರ್ಗದ ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದ ಮೇಲೆ ಆಟೊ ಹಿಡಿಯಬೇಕು.